ದಪ್ಪ ಗ್ಯಾಸ್ಕೆಟ್ಟೋ ಹೊಸ ಪಿಸ್ಟನ್ನೋ, ಚಿಕ್ಕ ಟರ್ಬೊನೋ ದೊಡ್ಡದೋ: ಒಂದೇ ಎಂಜಿನ್ ಮೇಲೆ ಹಾಕಿ ನೋಡಿದ್ದು

ಹಳೆಯ ಎಂಜಿನ್ನಿಗೆ ಟರ್ಬೊ (ಎಕ್ಸಾಸ್ಟಿನ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಹಾಕಬೇಕು ಅಂತ ಮನಸ್ಸು ಮಾಡಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಎಷ್ಟು ಬೂಸ್ಟ್, ಅಂದರೆ ಗಾಳಿಯ ಹೆಚ್ಚುವರಿ ಒತ್ತಡ, ಕೊಡಬಹುದು? ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಒಂದೇ ಎಂಜಿನ್ನನ್ನು ಎರಡು ಸಲ ತಳದವರೆಗೆ ಬಿಚ್ಚಿ ಕಟ್ಟಿದೆ. ಎರಡು ಟರ್ಬೊ ಹಾಕಿದೆ, ಒಮ್ಮೆ ಕಾರ್ಬ್ಯುರೇಟರ್, ಒಮ್ಮೆ ಇಂಜೆಕ್ಷನ್ ಅಂತ ಓಡಿಸಿ ನೋಡಿದೆ. ಈಗ ಯಾವ ಭಾಗ ಕೈಗೆತ್ತಿಕೊಂಡರೂ ಕೇಳಿಕೊಳ್ಳುವುದು ಬೇರೆಯದೇ: ಇದರಿಂದ ಸಿಲಿಂಡರಿನೊಳಗೆ ಬಿಸಿ ಏರುತ್ತದೋ ಇಳಿಯುತ್ತದೋ? ಕೆಳಗಿನ ಹೋಲಿಕೆಯನ್ನೆಲ್ಲ ಆ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಎಂಜಿನ್ 1.3 ಲೀಟರಿನದು. ನಾಲ್ಕು ಸಿಲಿಂಡರ್, ಎಂಟು ವಾಲ್ವ್, 74 ಮಿ.ಮೀ. ಬೋರ್, 75.5 ಮಿ.ಮೀ. ಸ್ಟ್ರೋಕ್, ಕಂಪ್ರೆಷನ್ (ಒಳಬಂದ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ ಅನ್ನುವ ಲೆಕ್ಕ) 9.5:1. ಕಾರ್ಬ್ಯುರೇಟರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇವುಗಳ ಕಾಲದ್ದು. ಮೊದಲ ಸಲ ಬಿಚ್ಚಿದಾಗ ಬೋರಿನ ಸವೆತ ಮಿತಿಯೊಳಗೇ ಇತ್ತು, ಹೋನಿಂಗ್ ಮಾಡಿ ಹೊಸ ರಿಂಗ್, ಹೊಸ ಬೇರಿಂಗ್ ಹಾಕಿದರೆ ಸಾಕಾಯಿತು.

ಮೊದಲ ಆಯ್ಕೆ ಕಂಪ್ರೆಷನ್ ಇಳಿಸುವುದು ಹೇಗೆ ಅನ್ನುವುದು. ಹೊರಗಿನಿಂದ ಒತ್ತಿ ತುಂಬಿದ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತಿದಾಗ ಅದು ವಿಪರೀತ ಕಾಯುತ್ತದೆ. ಪ್ಲಗ್‌ನಿಂದ ಹೊರಟ ಬೆಂಕಿ ಗೋಡೆ ಮುಟ್ಟುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಅದೇ ನಾಕಿಂಗ್. 1962ರಲ್ಲಿ ಬಂದ ಎರಡು ಟರ್ಬೊ ಕಾರುಗಳು ಇದಕ್ಕೆ ಎರಡು ದಾರಿ ಹಿಡಿದವು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ 10.25:1 ಕಂಪ್ರೆಷನ್ ಹಾಗೇ ಇಟ್ಟುಕೊಂಡು, ಕಾಯುವುದನ್ನು ತಡೆಯಲು ನೀರು-ಮೆಥನಾಲ್ ಮಿಶ್ರಣವನ್ನು ಒಳಗೆ ಚಿಮ್ಮಿಸಿತು. ಷೆವ್ರೊಲೆ ಕೊರ್ವೇರ್ ಕಂಪ್ರೆಷನ್ನನ್ನೇ 8:1ಕ್ಕೆ ಇಳಿಸಿತು. ಜೆಟ್‌ಫೈರ್‌ನವರು ಆ ದ್ರವದ ತೊಟ್ಟಿ ಖಾಲಿಯಾಗದಂತೆ ನೋಡಿಕೊಳ್ಳಬೇಕಿತ್ತು. ದಿನವೂ ಓಡಿಸುವ ಕಾರಿಗೆ ಕೊರ್ವೇರ್ ದಾರಿಯೇ ಸರಿ ಅಂತ ನಾನು 8.5:1ಕ್ಕೆ ಇಳಿಸಲು ಹೊರಟೆ.

ಇಳಿಸಲು ಸುಲಭದ ದಾರಿ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ಟನ್ನು ದಪ್ಪ ಮಾಡುವುದು. ಲೆಕ್ಕ ಹೀಗೆ: ಒಂದು ಸಿಲಿಂಡರಿನ ಅಳತೆ ಸುಮಾರು 325 ಸಿಸಿ. 9.5:1 ಇದ್ದಾಗ ಪಿಸ್ಟನ್ ಮೇಲೆ ಉಳಿಯುವ ಜಾಗ 38 ಸಿಸಿ, 8.5:1 ಆಗಬೇಕಾದರೆ 43 ಸಿಸಿ ಬೇಕು. ಆ 5 ಸಿಸಿ ಸಿಗಬೇಕಾದರೆ ಹೆಡ್ಡನ್ನು ಸುಮಾರು 1.2 ಮಿ.ಮೀ. ಮೇಲಕ್ಕೆತ್ತಬೇಕು. ತಾಮ್ರದ ಹಾಳೆ ಕತ್ತರಿಸಿ ನಡುವೆ ಇಟ್ಟರೆ ಕೆಲಸ ಮುಗಿಯಿತು, ಪಿಸ್ಟನ್ ಮುಟ್ಟುವುದೇ ಬೇಡ. ಒಂದೇ ದಿನದಲ್ಲಿ ಮುಗಿಸಿದೆ. ಚಿಕ್ಕ ಟರ್ಬೊ, 0.5 ಬಾರ್ ಬೂಸ್ಟ್, ಕಾರ್ಬ್ಯುರೇಟರ್ ಇಟ್ಟು ಓಡಿಸಿದೆ. ಮೊದಲ ಕೆಲವು ವಾರ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಲೆಕ್ಕದಲ್ಲಿ ಕಾಣದ ಒಂದು ಸಂಗತಿ ಇತ್ತು. ಪಿಸ್ಟನ್ ಮೇಲಕ್ಕೆ ಬಂದಾಗ ಅದರ ಅಂಚಿಗೂ ಹೆಡ್ಡಿನ ಸಮತಟ್ಟಾದ ಭಾಗಕ್ಕೂ ನಡುವೆ ಒಂದು ಮಿ.ಮೀ. ಆಸುಪಾಸಿನ ಸಂದು ಉಳಿಯುವಂತೆ ಎಂಜಿನ್ ಮಾಡಿದವರು ಇಟ್ಟಿರುತ್ತಾರೆ. ಅಲ್ಲಿದ್ದ ಮಿಶ್ರಣ ಹಿಂಡಿಕೊಂಡು ಪ್ಲಗ್ ಕಡೆಗೆ ರಭಸದಿಂದ ನುಗ್ಗುತ್ತದೆ, ಕಲಕುತ್ತದೆ, ಬೇಗ ಉರಿದು ಮುಗಿಯುತ್ತದೆ. ಅಂಚಿನಲ್ಲಿ ಸಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ಇದಕ್ಕೆ ಸ್ಕ್ವಿಶ್ ಅನ್ನುತ್ತಾರೆ. ಗ್ಯಾಸ್ಕೆಟ್ ದಪ್ಪ ಮಾಡಿದ ನಾನು ಆ ಸಂದನ್ನು 2.2 ಮಿ.ಮೀ. ಮಾಡಿಬಿಟ್ಟಿದ್ದೆ. ಕಂಪ್ರೆಷನ್ ಇಳಿಯಿತು ನಿಜ, ಜೊತೆಗೆ ನಾಕಿಂಗ್ ತಡೆಯುತ್ತಿದ್ದ ಕಾವಲೂ ಹೋಯಿತು.

ಒಂದು ಮಧ್ಯಾಹ್ನ, ಬಿಸಿಲಲ್ಲಿ ಉದ್ದನೆಯ ಏರು ಹತ್ತುವಾಗ, ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ನಾಲ್ಕೈದು ಸೆಕೆಂಡು ಕೇಳಿತು. ಕಾಲು ತೆಗೆದೆ, ಸದ್ದು ನಿಂತಿತು. ಮರುದಿನದಿಂದ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಪುಸುಪುಸು ಹೊಗೆ. ಮೂರನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಪುಡಿ ಉಪ್ಪು ಎರಚಿದಂತೆ ಬೂದು ಮಿಣುಕು ಚುಕ್ಕೆಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹೆಡ್ ಇಳಿಸಿ ಪಿಸ್ಟನ್ ಹೊರಗೆಳೆದರೆ, ಮೊದಲ ಮತ್ತು ಎರಡನೆಯ ರಿಂಗ್ ನಡುವಿನ ಪಟ್ಟಿ ಹೆಬ್ಬೆರಳಿನ ಅಗಲಕ್ಕೆ ಸೀಳಿತ್ತು. ಉಗುರಿನಿಂದ ಒತ್ತಿದರೆ ಟಿಕ್ ಅಂತ ಒಳಗೆ ಕೂರುತ್ತಿತ್ತು, ಬಿಟ್ಟರೆ ಮತ್ತೆ ಏಳುತ್ತಿತ್ತು. ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

ಎರಡನೆಯ ಸಲ ಪಿಸ್ಟನ್ ಬದಲಿಸಿದೆ. ಬೋರನ್ನು 0.5 ಮಿ.ಮೀ. ದೊಡ್ಡದು ಮಾಡಿಸಿ, ತಲೆಯಲ್ಲಿ ಸುಮಾರು 6 ಸಿಸಿ ಕುಳಿ ಇರುವ ಫೋರ್ಜ್ಡ್ (ಎರಕದ ಬದಲು ಒತ್ತಿ ರೂಪಿಸಿದ, ಹೆಚ್ಚು ಗಟ್ಟಿಯಾದ) ಪಿಸ್ಟನ್ ಹಾಕಿದೆ. ಗ್ಯಾಸ್ಕೆಟ್ ಮೂಲ ದಪ್ಪದ್ದೇ. ಕಂಪ್ರೆಷನ್ ಆಗಲೂ 8.5, ಈಗಲೂ 8.5. ಸ್ಕ್ವಿಶ್ ಸಂದು ಮಾತ್ರ ಮತ್ತೆ ಒಂದು ಮಿ.ಮೀ.ಗೆ ಬಂತು. ಹೋಲಿಕೆ ನ್ಯಾಯವಾಗಿರಲಿ ಅಂತ ಅದೇ ಕಾರ್ಬ್ಯುರೇಟರ್, ಅದೇ ಟರ್ಬೊ, ಅದೇ 0.5 ಬಾರ್ ಇಟ್ಟು ಅದೇ ಏರಿಗೆ ಹೋದೆ. ಸದ್ದಿಲ್ಲ. ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, 3 ಡಿಗ್ರಿ ಮುಂದಕ್ಕೆ ತಂದರೂ (ಕಿಡಿ ಅಷ್ಟು ಬೇಗ ಹಾರುವಂತೆ ಮಾಡಿದರೂ) ಸದ್ದಿಲ್ಲ. ಸದ್ದನ್ನು ನಾನು ಬರೀ ಕಿವಿಯಲ್ಲಿ ಕೇಳುತ್ತಿರಲಿಲ್ಲ. ತಾಮ್ರದ ಕೊಳವೆಯ ಒಂದು ತುದಿ ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಪೈಪ್ ಸಿಕ್ಕಿಸಿ ಕಿವಿಗೆ ಮುಚ್ಚಿಕೊಳ್ಳುವ ಮಫ್‌ಗೆ ತಂದಿದ್ದೆ. ಸ್ಟೀರಿಂಗ್ ಗೆಳೆಯನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ನನ್ನ ಕೆಲಸ. ಹೊರಗೆ ಏನೂ ಕೇಳದಿದ್ದಾಗಲೂ ಇದರಲ್ಲಿ ನಾಕಿಂಗಿನ ಮೊದಲ ಚಟಚಟ ಸ್ಪಷ್ಟವಾಗಿ ಬರುತ್ತದೆ. ಟರ್ಬೊ ಹಾಕುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಫೋರ್ಜ್ಡ್ ಪಿಸ್ಟನ್ನಿಗೂ ಅದರದೇ ಸ್ವಭಾವ ಇದೆ. ಕಾದಾಗ ಹೆಚ್ಚು ಹಿಗ್ಗುವುದರಿಂದ ಗೋಡೆಗೂ ಅದಕ್ಕೂ 0.08 ಮಿ.ಮೀ. ಬಿಡಬೇಕಾಯಿತು. ಮುಂಜಾನೆಯ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಟಕಟಕ ಅನ್ನುತ್ತದೆ, ಕಾದ ಮೇಲೆ ಅಡಗುತ್ತದೆ. ರಿಂಗ್ ತುದಿಗಳ ಸಂದೂ ಹಾಗೇ. ಟರ್ಬೊ ಇಲ್ಲದಿದ್ದರೆ ಈ ಬೋರಿಗೆ 0.30 ಮಿ.ಮೀ. ಸಾಕು, ನಾನು 0.41 ಇಟ್ಟೆ. ರಿಂಗ್ ಕಾದು ಹಿಗ್ಗಿ ತುದಿಗೆ ತುದಿ ಒತ್ತಿಕೊಂಡರೆ ಮುಂದೆ ಹೋಗಲು ಜಾಗವಿಲ್ಲ, ಪಿಸ್ಟನ್ನಿನ ಪಟ್ಟಿಯನ್ನೇ ಒಡೆಯುತ್ತದೆ. ಪ್ರತಿ ರಿಂಗನ್ನೂ ಅದರದೇ ಸಿಲಿಂಡರಿನೊಳಗೆ ನೇರ ಕೂರಿಸಿ, ಫೀಲರ್ ಗೇಜ್ ಹಾಕಿ, ಎರಡು ಸಲ ಅರದಿಂದ ಉಜ್ಜಿ, ಮತ್ತೆ ನೋಡಿ, ಹೀಗೆ ಎಂಟು ರಿಂಗಿಗೆ ಎರಡು ಸಂಜೆ ಹೋಯಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಎರಡು ಸಂಜೆ ಅವು.

ಮೂಲ ಪಿಸ್ಟನ್ ಪೂರ್ತಿ ನಿಷಿದ್ಧ ಅಂತ ಹೇಳುತ್ತಿಲ್ಲ. 0.3 ಬಾರ್ ಒಳಗೆ ಇರುತ್ತೇನೆ ಅನ್ನುವವರು ಮೂಲ ಪಿಸ್ಟನ್, ಮೂಲ ಗ್ಯಾಸ್ಕೆಟ್, ಮೂಲ 9.5 ಕಂಪ್ರೆಷನ್ ಇಟ್ಟು ಟೈಮಿಂಗ್ ಮತ್ತು ಇಂಧನದಲ್ಲಿ ಜಾಗ್ರತೆ ವಹಿಸಲಿ. ಆ ದಪ್ಪ ಗ್ಯಾಸ್ಕೆಟ್ ಒಂದನ್ನು ಮಾತ್ರ ಯಾರಿಗೂ ಹೇಳಲಾರೆ.

ಇನ್ನು ಇಂಧನ. ಟರ್ಬೊ ಒತ್ತಿದ ಗಾಳಿ ಕಾರ್ಬ್ಯುರೇಟರ್ ಮೂಲಕ ಹೋಗುವಂತೆ ಮಾಡಬಹುದು. 1985ರ ರೆನೊ 5 ಜಿಟಿ ಟರ್ಬೊ ಹಾಗೇ ಇತ್ತು. ನಾನೂ ಅದೇ ಮಾಡಿದೆ. ಕಾರ್ಬ್ಯುರೇಟರಿಗೆ ಸಾಮಾನ್ಯವಾಗಿ 0.2 ಬಾರ್ ಇಂಧನ ಒತ್ತಡ ಸಾಕು. ಆದರೆ ಪೆಟ್ರೋಲ್ ನಿಲ್ಲುವ ಅದರ ಬೌಲಿನೊಳಗೇ 0.5 ಬಾರ್ ಗಾಳಿ ಕೂತಾಗ ಪಂಪು 0.7 ಕೊಡದಿದ್ದರೆ ಪೆಟ್ರೋಲ್ ಒಳಗೇ ಬರುವುದಿಲ್ಲ. ಅದಕ್ಕೆ ಬೂಸ್ಟ್ ಏರಿದಂತೆ ತಾನೂ ಏರುವ ರೆಗ್ಯುಲೇಟರ್ ಬೇಕು. ಥ್ರಾಟಲ್ ಶಾಫ್ಟಿನ ಸಂದುಗಳಿಂದ ಮಿಶ್ರಣ ಹೊರಗೆ ಚಿಮ್ಮದಂತೆ ಸೀಲ್ ಹಾಕಬೇಕು. ಇದೆಲ್ಲ ಆದಮೇಲೆ ನೇರ ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ತೊಂದರೆ ಇದ್ದದ್ದು ಬೂಸ್ಟ್ ಹುಟ್ಟುವ ಆ ಒಂದು ಗಳಿಗೆಯಲ್ಲಿ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರಿಸಲು ಸೈಲೆನ್ಸರ್ ಪೈಪಿಗೆ ಹಾಕಿದ ವೈಡ್‌ಬ್ಯಾಂಡ್ ಮೀಟರ್ 13.5 ತೋರಿಸಿ, ಸೆಕೆಂಡಿನ ಮೇಲೆ 11ಕ್ಕೆ ಬೀಳುತ್ತಿತ್ತು. ಅಲ್ಲಿ ಇರಬೇಕಾದದ್ದು 11.5ರಿಂದ 12. ಸೆಕೆಂಡು ಅಂದರೆ ಕಡಿಮೆಯಲ್ಲ. 3000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ಸೆಕೆಂಡಿಗೆ 25 ಸಲ ಉರಿಯುತ್ತದೆ. ಆ ಇಪ್ಪತ್ತೈದೂ ಪೆಟ್ರೋಲ್ ಕಡಿಮೆಯಾದ, ಸುಡುಸುಡು ಉರಿತಗಳು.

ಡಿಸ್ಟ್ರಿಬ್ಯೂಟರ್ ಇನ್ನೊಂದು ಕಟ್ಟು. 0.5 ಬಾರ್ ಬೂಸ್ಟಿಗೆ ಟೈಮಿಂಗನ್ನು ಸುಮಾರು 7 ಡಿಗ್ರಿ ಹಿಂದಕ್ಕೆ ಇಡುವುದು ವಾಡಿಕೆ. ಡಿಸ್ಟ್ರಿಬ್ಯೂಟರನ್ನೇ ತಿರುಗಿಸಿ ಹಿಂದಿಟ್ಟರೆ ಬೂಸ್ಟ್ ಇಲ್ಲದಾಗಲೂ ಅದು ಹಿಂದೆಯೇ ಇರುತ್ತದೆ. ಎಂಜಿನ್ ಮಂಕಾಗುತ್ತದೆ, ತಡವಾಗಿ ಉರಿದ ಬೆಂಕಿ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಕಾಯಿಸುತ್ತದೆ.

ಆಮೇಲೆ ಇಂಧನವನ್ನೂ ಟೈಮಿಂಗನ್ನೂ ನಿಯಂತ್ರಿಸುವ ಮೆಗಾಸ್ಕ್ವರ್ಟ್ ಅನ್ನುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಪೆಟ್ಟಿಗೆ ಹಾಕಿದೆ. ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ತೆಗೆದ ಚಕ್ರ, ಅದರ ಸೆನ್ಸರ್, ಗಾಳಿಯ ಒತ್ತಡದ ಸೆನ್ಸರ್, ನಾಲ್ಕು ಇಂಜೆಕ್ಟರ್. ವೈರಿಂಗಿಗೇ ಮೂರು ವಾರ ಹಿಡಿಯಿತು. ಒಮ್ಮೆ ಸೆನ್ಸರ್ ವೈರು ಪ್ಲಗ್ ವೈರಿನ ಪಕ್ಕ ಹೋಗಿದ್ದಕ್ಕೆ 4000 ದಾಟಿದರೆ ಎಂಜಿನ್ ಕುಕ್ಕುತ್ತಿತ್ತು, ಕಾರಣ ಸಿಗಲು ಮೂರು ದಿನ ಬೇಕಾಯಿತು. ಆದರೆ ಬೂಸ್ಟ್ ಏರುವಾಗ ಮೀಟರ್ 11.8ರಲ್ಲಿ ಕದಲದೆ ನಿಂತದ್ದನ್ನು ನೋಡಿದ ಮೇಲೆ ಮತ್ತೆ ಕಾರ್ಬ್ಯುರೇಟರ್ ಕಡೆ ತಿರುಗಿ ನೋಡಿಲ್ಲ. ಟೈಮಿಂಗ್ ಕೂಡ ಬೂಸ್ಟ್ ಇದ್ದಾಗ ಮಾತ್ರ ಹಿಂದೆ ಸರಿಯುತ್ತದೆ. ಹಣ ಒಂದೇ ಕಡೆಗೆ ಸಾಲುತ್ತದೆ ಅಂದರೆ ಪಿಸ್ಟನ್ನಿಗಿಂತ ಮೊದಲು ಇದಕ್ಕೆ ಹಾಕಿ, ಬೂಸ್ಟ್ ಕಡಿಮೆ ಇಡಿ.

ಟರ್ಬೊಗಳ ವಿಷಯದಲ್ಲಿ ನನ್ನ ತಕ್ಕಡಿ ಒಂದು ಕಡೆ ವಾಲಿತು, ಮನಸ್ಸು ಇನ್ನೊಂದು ಕಡೆ. ಚಿಕ್ಕದು 2300 ಆರ್‌ಪಿಎಂಗೇ ಪೂರ್ತಿ 0.5 ಬಾರ್ ಕೊಡುತ್ತಿತ್ತು, ದೊಡ್ಡದಕ್ಕೆ 3800 ಬೇಕು. ಮೇಲಿನ ವೇಗದಲ್ಲಿ ಮಾತ್ರ ಚಿಕ್ಕದು ಏದುಸಿರು ಬಿಡುತ್ತದೆ. ಸಣ್ಣ ಟರ್ಬೈನ್ ದಾಟಲಾಗದ ಎಕ್ಸಾಸ್ಟ್ ಹಿಂದೆ ನಿಲ್ಲುತ್ತದೆ, ಸ್ವಲ್ಪ ಸಿಲಿಂಡರಿನೊಳಗೇ ಉಳಿಯುತ್ತದೆ, ಮುಂದಿನ ಉರಿತವನ್ನು ಕಾಯಿಸುತ್ತದೆ. ಗಾಳಿಯ ಕಡೆಯೂ ಅಷ್ಟೇ. 27 ಡಿಗ್ರಿಯ ಗಾಳಿಯನ್ನು 0.8 ಬಾರ್ ಬೂಸ್ಟಿಗೆ ಒತ್ತಿದರೆ, ಕಂಪ್ರೆಸರ್ ದಕ್ಷತೆ ಶೇ. 70 ಇದ್ದಾಗ ಗಾಳಿ ಸುಮಾರು 105 ಡಿಗ್ರಿಗೆ ಏರುತ್ತದೆ, ಶೇ. 60ಕ್ಕೆ ಇಳಿದರೆ 118ಕ್ಕೆ. ಚಿಕ್ಕದನ್ನು ಜೋರಾಗಿ ದುಡಿಸಿದಾಗ ಆಗುವುದು ಅದೇ. 5500ರ ಮೇಲೆ, 0.8 ಬಾರಿನಲ್ಲಿ, ದೊಡ್ಡದರ ಮುಂದೆ ಚಿಕ್ಕದು ನಿಲ್ಲುವುದಿಲ್ಲ.

ಆದರೂ ದೊಡ್ಡದನ್ನು ಬಿಚ್ಚಿಟ್ಟೆ. ತಿರುವಿನಿಂದ ಹೊರಬರುವಾಗ ಕಾಲು ಒತ್ತಿದರೆ ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ, ಅದೂ ತಿರುವು ಇನ್ನೂ ಮುಗಿಯದಿರುವಾಗ. 1970ರ ದಶಕದ ಪೋರ್ಷೆ 911 ಟರ್ಬೊ ಬಗ್ಗೆ ಜನ ಇಂದಿಗೂ ಹೇಳುವುದು ಇದೇ. ಅದೇ ದಶಕದ ಕೊನೆಯಲ್ಲಿ ಸಾಬ್ ತನ್ನ 99 ಟರ್ಬೊಗೆ ಚಿಕ್ಕ ಟರ್ಬೊ ಹಾಕಿ, ಹೆಚ್ಚಾದ ಎಕ್ಸಾಸ್ಟನ್ನು ವೇಸ್ಟ್‌ಗೇಟ್ ಅನ್ನುವ ಕವಾಟದ ಮೂಲಕ ಟರ್ಬೈನ್ ತಪ್ಪಿಸಿ ಹೊರಬಿಟ್ಟು, ದಿನಬಳಕೆಯ ವೇಗದಲ್ಲೇ ಎಳೆತ ಸಿಗುವಂತೆ ಮಾಡಿತು. ನನ್ನ ಕಾರಿಗೂ ಅದೇ ಸರಿ ಕಂಡಿತು. ಚಿಕ್ಕದು, 0.5 ಬಾರ್, 6000ಕ್ಕೆ ಮಿತಿ. ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವರು ದೊಡ್ಡದನ್ನೇ ಹಾಕಲಿ, ಅಲ್ಲಿ ಎಂಜಿನ್ 4000ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ.

ಟರ್ಬೊ ಒತ್ತಿ ಕಾಯಿಸಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕಬೇಕೋ ಬೇಡವೋ ಅನ್ನುವುದು ಹೋಲಿಕೆಗೇ ಬರುವುದಿಲ್ಲ. ನನ್ನದರಲ್ಲಿ ಒಳಹೋಗುವಾಗ 84 ಡಿಗ್ರಿ, ಹೊರಬರುವಾಗ 43. ಹಾಕಿ. ಟರ್ಬೊದಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಮರಳುವ ಆಯಿಲ್ ಪೈಪು ದಪ್ಪವಾಗಿ, ಎಲ್ಲೂ ಮಡಿಕೆಯಿಲ್ಲದೆ, ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವ ಶಾಫ್ಟಿನಿಂದ ಆಯಿಲ್ ಕೆಳಗಿಳಿಯುವುದು ತನ್ನ ಭಾರದಿಂದ ಮಾತ್ರ. ನನ್ನದು ಒಮ್ಮೆ ಮಡಚಿಕೊಂಡು ನೀಲಿ ಹೊಗೆ ಬಂದಾಗ ಟರ್ಬೊ ಸೀಲ್ ಹೋಯಿತು ಅಂತ ಬಿಚ್ಚಿದ್ದೆ, ಸೀಲ್ ಸರಿಯಾಗಿಯೇ ಇತ್ತು. ಕ್ಲಚ್ ಕೂಡ ಗಟ್ಟಿಯದು ಬೇಕು, ಮೂಲದ್ದು ಮೂರನೆಯ ಗೇರಿನಲ್ಲಿ ಜಾರುತ್ತದೆ.

ಈ ಜೋಡಣೆಯಲ್ಲಿ ಈಗ 11,000 ಕಿ.ಮೀ. ಆಗಿದೆ. ಕಳೆದ ವಾರ ಎಂಜಿನ್ ಕಾಯಿಸಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಗೇಜ್ ಹಾಕಿ ನೋಡಿದೆ. 10.6, 10.5, 10.6, 10.4 ಬಾರ್. ಮೂರನೆಯದನ್ನು ಇನ್ನೊಮ್ಮೆ ಹಾಕಿ ನೋಡಿದೆ. 10.6.