ಹೇಳಿದ್ದೊಂದು, ಮತ ಹಾಕಿದ್ದೊಂದು: ಜನಪ್ರತಿನಿಧಿಗಳ ದಾಖಲೆ ತೋರಿಸುವ ಮೂರು ತಾಣಗಳ ವಿಮರ್ಶೆ

ಕಾಸರಗೋಡಿನಲ್ಲಿ ಕುಳಿತು ಸಂಸದರ, ಶಾಸಕರ ಮಾತಿಗೂ ಮತಕ್ಕೂ ತಾಳೆ ನೋಡಬೇಕೆಂದರೆ ಉಚಿತವಾಗಿ ಸಿಗುವ ತಾಣಗಳು ಮೂರು: ಶಾಸನ ಸಂಶೋಧನಾ ಸಂಸ್ಥೆ ಪಿಆರ್‌ಎಸ್‌ನವರ ಎಂಪಿ ಟ್ರ್ಯಾಕ್, ಸಂಸತ್ತಿನದೇ ಆದ ಡಿಜಿಟಲ್ ಸಂಸದ್, ಕೇರಳ ನಿಯಮಸಭೆಯ (ಅಂದರೆ ವಿಧಾನಸಭೆಯ) ಜಾಲತಾಣ.

ನೋಡಲು ಚಂದ ಇರುವುದು ಪಿಆರ್‌ಎಸ್. ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ (ಮಂತ್ರಿಯಲ್ಲದ ಸದಸ್ಯರು ತರುವ) ಮಸೂದೆ ಎಲ್ಲವೂ ಒಂದೇ ಪುಟದಲ್ಲಿ, ರಾಜ್ಯದ ಮತ್ತು ದೇಶದ ಸರಾಸರಿಯೊಂದಿಗೆ. ಮತದ ವಿವರ ಮಾತ್ರ ಆ ಪುಟದಲ್ಲಿಲ್ಲ. ಮಂತ್ರಿಗಳು ಹಾಜರಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಅವರ ಪುಟ ಖಾಲಿ ಎಂದು ಸೋಮಾರಿಗಳೆನ್ನಬೇಡಿ. ಹಾಜರಾತಿ ಎಂದರೂ ಆ ದಿನದ ಹಾಜರಿ ಬಿತ್ತು ಎಂದಷ್ಟೇ ಅರ್ಥ, ಸಂಜೆಯವರೆಗೆ ಕುಳಿತಿದ್ದರು ಎಂದಲ್ಲ.

ಮತ ಬೇಕಾದರೆ ಡಿಜಿಟಲ್ ಸಂಸದ್‌ಗೇ ಹೋಗಬೇಕು. ಮೊದಲು ಮತದಾನದ ದಿನಾಂಕ ಗೊತ್ತುಮಾಡಿಕೊಳ್ಳಿ, ಆ ದಿನದ ಚರ್ಚೆಯ ಪೂರ್ಣಪಾಠದ ಪಿಡಿಎಫ್ ಇಳಿಸಿಕೊಂಡು ‘ಡಿವಿಷನ್’ (ಹೆಸರು ದಾಖಲಾಗುವ ಮತ ಎಣಿಕೆ) ಎಂದು ಇಂಗ್ಲಿಷಿನಲ್ಲಿ ಹುಡುಕಿ. ಪರ, ವಿರೋಧದ ಹೆಸರುಪಟ್ಟಿ ಅಲ್ಲಿರುತ್ತದೆ. ಸುದ್ದಿಯ ಅಂಕಿಗೂ ಸದನದ ಮತಯಂತ್ರದ ಫಲಕದ ಅಂಕಿಗೂ ವ್ಯತ್ಯಾಸ ಕಂಡರೆ ಗಾಬರಿ ಬೇಡ: 2024ರ ಡಿಸೆಂಬರ್ 17ರಂದು ಏಕಕಾಲದ ಚುನಾವಣೆಯ ಮಸೂದೆ ಮಂಡನೆಗೆ ಯಂತ್ರ ಮೊದಲು ತೋರಿಸಿದ್ದು 220-149; ಯಂತ್ರದ ಬದಲು ಚೀಟಿಯಲ್ಲಿ ಬರೆದುಕೊಟ್ಟ ಮತಗಳೂ ಸೇರಿ ಕೊನೆಗೆ ಆದದ್ದು 269-198.

ದೊಡ್ಡ ಕೊರತೆ ತಾಣದ್ದಲ್ಲ, ಪದ್ಧತಿಯದು. ಬಹುಪಾಲು ಮಸೂದೆ ಪಾಸಾಗುವುದು ಧ್ವನಿಮತದಲ್ಲಿ. ಸಂವಿಧಾನ ತಿದ್ದುಪಡಿ ಮಸೂದೆ ಬಿಟ್ಟರೆ, ಯಾರಾದರೂ ಡಿವಿಷನ್ ಕೇಳಿ, ಪೀಠ ಒಪ್ಪಿದರೆ ಮಾತ್ರ ಹೆಸರು ದಾಖಲಾಗುತ್ತದೆ. 2021ರ ನವೆಂಬರ್ 29ರಂದು ಕೃಷಿ ಕಾಯ್ದೆಗಳ ರದ್ದತಿ ಎರಡೂ ಸದನಗಳಲ್ಲಿ ಧ್ವನಿಮತದಲ್ಲೇ ಮುಗಿಯಿತು. ಅಲ್ಲಿ ಹೆಸರು ಹುಡುಕುವುದು ವ್ಯರ್ಥ. ಪಟ್ಟಿ ಸಿಕ್ಕಿದರೂ ಅದು ಹೆಚ್ಚಾಗಿ ಪಕ್ಷದ ಮತ. 1985ರ ಪಕ್ಷಾಂತರ ನಿಷೇಧದ ಪ್ರಕಾರ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದವರನ್ನು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು.

ಇನ್ನು ನಿಯಮಸಭೆಯ ತಾಣ. ಕಲಾಪ ಬಹುತೇಕ ಮಲಯಾಳದಲ್ಲಿ, ಆದ್ದರಿಂದ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಓದುಗರಿಗೆ ಮಲಯಾಳ ಬಲ್ಲವರ ನೆರವು ಬೇಕೇ ಬೇಕು. ತಾಣ ಎಷ್ಟು ಉಪಯೋಗ ಎಂದು ಅಳೆಯಲು ಒ. ರಾಜಗೋಪಾಲ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಜಪೇಯಿ ಸರಕಾರದಲ್ಲಿ ರಾಜ್ಯ ಮಂತ್ರಿ. 2016ರಲ್ಲಿ ನೇಮಂನಿಂದ ಗೆದ್ದು ಆ ಸಭೆಯಲ್ಲಿ ಬಿಜೆಪಿಯಿಂದ ಗೆದ್ದ ಒಬ್ಬರೇ ಶಾಸಕ. ಸ್ಪೀಕರ್ ಚುನಾವಣೆಯಲ್ಲಿ ಎಡರಂಗದ ಪಿ. ಶ್ರೀರಾಮಕೃಷ್ಣನ್ ಅವರಿಗೆ ಮತ ಕೊಟ್ಟೆನೆಂದು ಅವರೇ ಹೇಳಿದರು. ಅದು ಗುಪ್ತ ಮತದಾನ, ಆದ್ದರಿಂದ ಯಾರು ಯಾರಿಗೆ ಹಾಕಿದರೆಂದು ಕಲಾಪದಲ್ಲಿ ಸಿಗುವ ಮಾತೇ ಇಲ್ಲ. 2019ರ ಡಿಸೆಂಬರ್ 31ರಂದು ಪೌರತ್ವ ತಿದ್ದುಪಡಿಯ ವಿರುದ್ಧದ ನಿರ್ಣಯವನ್ನು ಸದನದಲ್ಲೇ ವಿರೋಧಿಸಿ ಮಾತಾಡಿದರು. ಸರಿಯಾಗಿ ಒಂದು ವರ್ಷಕ್ಕೆ, 2020ರ ಡಿಸೆಂಬರ್ 31ರಂದು, ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ನಿರ್ಣಯ ಬಂತು. ಚರ್ಚೆಯಲ್ಲಿ ಆಕ್ಷೇಪ ಎತ್ತಿದರು, ಮತಕ್ಕೆ ಹಾಕಿದಾಗ ಎದುರು ನಿಲ್ಲಲಿಲ್ಲ, ನಿರ್ಣಯ ಸರ್ವಾನುಮತದ್ದಾಯಿತು. ಹೊರಗೆ ಬಂದು ಸಭೆಯ ಒಟ್ಟಾರೆ ಅಭಿಪ್ರಾಯಕ್ಕೆ ಒಪ್ಪಿದೆ ಎಂದರು. ಪಕ್ಷದೊಳಗೆ ಗದ್ದಲವಾದ ಮೇಲೆ, ‘ಬಲವಾಗಿ ವಿರೋಧಿಸಿದ್ದೆ, ಪರ ಯಾರು ವಿರೋಧ ಯಾರು ಎಂದು ಸ್ಪೀಕರ್ ಬೇರೆ ಬೇರೆ ಕೇಳಲಿಲ್ಲ’ ಎಂಬ ಅರ್ಥದ ಹೇಳಿಕೆ ಬಂತು. ಡಿವಿಷನ್ ಕೇಳಲು ಒಂದು ಮಾತು ಸಾಕಿತ್ತಲ್ಲ! ಇಂಥಲ್ಲಿ ನಿಯಮಸಭೆಯ ತಾಣದಿಂದ ಅವರ ಭಾಷಣ ತೆಗೆಯಿರಿ, ಹೊರಗಿನ ಎರಡು ಹೇಳಿಕೆಗಳಿಗೆ ಮರುದಿನದ ಪತ್ರಿಕೆ ನೋಡಿ. ಒಂದನ್ನೇ ನೆಚ್ಚಿದರೆ ಅರ್ಧ ಕತೆಯಷ್ಟೇ ಸಿಗುತ್ತದೆ.

ಅವಸರಕ್ಕೆ ಪಿಆರ್‌ಎಸ್ ಸಾಕು. ವಾದಕ್ಕೆ ಇಳಿಯುವವರು ಡಿಜಿಟಲ್ ಸಂಸದ್‌ನ ಪಿಡಿಎಫ್ ಇಟ್ಟುಕೊಳ್ಳಿ, ಅದರಲ್ಲಿ ಚೀಟಿಯ ತಿದ್ದುಪಡಿಯ ಅಡಿಟಿಪ್ಪಣಿಯನ್ನು ಓದದೆ ಬಿಡಬೇಡಿ.