ಕೌಲ್ ಬಜಾರಿನ ಬಿಸ್ಕತ್ ಡಬ್ಬಿ: ಹಳೇ ಮಡಚುವ ಚಾಕು ಬೇಕಿದ್ದವರಿಗೆ

ಬಳ್ಳಾರಿಯಲ್ಲಿ ಹಳೇ ಮಡಚುವ ಚಾಕು ಎಲ್ಲಿ ಸಿಗುತ್ತದೆ ಅಂತ ಕೇಳಿದವರಿಗೆಲ್ಲ ನಾನು ಕೌಲ್ ಬಜಾರಿನ ಒಂದು ಗುಜರಿ ಅಂಗಡಿಯ ದಾರಿ ಹೇಳುತ್ತೇನೆ. ಬೋರ್ಡಿಲ್ಲ. ಬಾಗಿಲ ಮುಂದೆ ಕೆಟ್ಟ ಫ್ಯಾನು, ಸೈಕಲ್ ಚೈನು, ಹಿತ್ತಾಳೆ ನಲ್ಲಿಗಳ ರಾಶಿ. ಕಂಟೋನ್ಮೆಂಟ್ ಹತ್ತಿರ ಇರುವುದಕ್ಕೋ ಏನೋ, ಬೇರೆ ಗುಜರಿಗಳಲ್ಲಿ ಕಾಣದ ಸಾಮಾನು ಇಲ್ಲಿ ಕಾಣುತ್ತದೆ. ಚಾಕುಗಳು ಒಳಗೆ ಒಂದು ಬಿಸ್ಕತ್ ಡಬ್ಬಿಯಲ್ಲಿರುತ್ತವೆ. ಕೇಳಿದರೆ ಮಾತ್ರ ಹೊರಗೆ ಬರುತ್ತವೆ.

ಎಷ್ಟು ಹೊತ್ತು ಬೇಕಾದರೂ ಕೂತು ತೆರೆದು, ಮುಚ್ಚಿ ನೋಡಬಹುದು. ಅಂಗಡಿಯ ಚಾಚಾ ಬೇಜಾರು ಮಾಡಿಕೊಳ್ಳಲ್ಲ. ಫೋಟೊ ನೋಡಿ ತರಿಸಿಕೊಳ್ಳುವವರಿಗೆ ಈ ಸುಖ ಎಲ್ಲಿ? ನಾನು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಡುವವನು, ಅಲಗು ಹೇಗಿದ್ದರೂ ಹರಿತ ಮಾಡಿಕೊಳ್ಳುತ್ತೇನೆ. ಬೆನ್ನಿನ ಸ್ಪ್ರಿಂಗು ಹೋಗಿದ್ದರೆ ಮಾತ್ರ ಏನೂ ಮಾಡಲಾಗದು. ಈ ಹಳೇ ಚಾಕುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರಲ್ಲ. ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಬುಡ ಚೌಕವಾಗಿದ್ದರೆ ಅಲಗು ಅರ್ಧಕ್ಕೆ ಟಕ್ ಅಂತ ನಿಂತು, ಇನ್ನೊಮ್ಮೆ ಎಳೆದರೆ ಪೂರ್ತಿ ತೆರೆಯುತ್ತದೆ. ದುಂಡಗಿದ್ದರೆ ಎಲ್ಲೂ ನಿಲ್ಲದೆ ಜಾರುತ್ತದೆ. ನನಗೆ ನಿಲ್ಲುವಂಥದ್ದೇ ಇಷ್ಟ. ಮುಚ್ಚುವಾಗ ಬೆರಳು ತೆಗೆಯಲು ಒಂದು ಕ್ಷಣ ಸಿಗುತ್ತದಲ್ವಾ!

ತೆರೆದ ಅಲಗನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ. ಆಡಿದರೆ ರಿವಿಟ್ ಸಡಿಲವಾಗಿದೆ. ಆಮೇಲೆ ಬೆಳಕಿಗೆ ಹಿಡಿಯಿರಿ. ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ತೂರಬಾರದು.

ಆ ಡಬ್ಬಿಯಲ್ಲಿ ನನಗೆ ಸಿಕ್ಕ ಒಳ್ಳೇ ಮಾಲು ಅಂದರೆ ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಚಾಕು. ಕೊಂಬಿನ ಹಿಡಿ, ಎರಡು ಅಲಗು, ಜೀನ್ಸಿನ ಚಿಲ್ಲರೆ ಜೇಬಿಗೆ ಸರಿಯಾಗಿ ಕೂರುತ್ತದೆ. ದೊಡ್ಡ ಅಲಗಿನ ಬುಡದಲ್ಲಿ ನಕ್ಷತ್ರ, ಪಕ್ಕದಲ್ಲಿ ಶಿಲುಬೆ. ಈ ಗುರುತಿಗೆ ನಕಲಿಗಳು ಆಗಲೇ ಇದ್ದವು. ಅದಕ್ಕೇ ಭೂತಗನ್ನಡಿ ತಗೊಂಡು ಹೋಗಿ. ಶೆಫೀಲ್ಡ್ ಚಾಕುಗಳಲ್ಲಿ ಕಿರೀಟದ ಎಡಬಲಕ್ಕೆ ವಿ, ಆರ್ ಅಂತಿದ್ದರೆ ಸಾಮಾನ್ಯವಾಗಿ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1901ಕ್ಕಿಂತ ಹಿಂದಿನದು. ಜಿ, ಆರ್ ಇದ್ದರೆ ಜಾರ್ಜ್ ದೊರೆಗಳದ್ದು. ನನ್ನದು ಜಿ, ಆರ್. 600 ಹೇಳಿದರು, 450ಕ್ಕೆ ಬಿಟ್ಟರು.

ಬ್ರಿಟಿಷ್ ಸೈನ್ಯದ ಚಾಕುವೂ ಅಲ್ಲಿ ಸಿಗುತ್ತದೆ. ಕಪ್ಪು ಹಿಡಿ, ಮೇಲೆಲ್ಲ ಸಣ್ಣ ಚೌಕಳಿ. ಅಲಗಿಗೆ ಚೂಪು ಮೊನೆಯೇ ಇಲ್ಲ. ಬೆನ್ನು ಬಾಗಿ ಬಂದು ನೇರ ಬಾಯಿಗೆ ಸೇರುತ್ತದೆ. ಹಗ್ಗ ಕೊಯ್ಯುವಾಗ ಪಕ್ಕದವನಿಗೆ ಚುಚ್ಚಬಾರದಲ್ಲ. ಜೊತೆಗೆ ಡಬ್ಬಿ ತೆರೆಯುವ ಕೊಕ್ಕೆ, ಬೆನ್ನಿಗೆ ಗಂಟು ಬಿಡಿಸುವ ದಪ್ಪ ಮೊಳೆ. ನೋಡಲು ಒರಟು, ಆದರೆ ಒಂದು ಗೆರೆಯೂ ಸುಮ್ನೆ ಇಲ್ಲ.

ಸ್ವಿಸ್ ಚಾಕುಗಳ ಬಗ್ಗೆ ನನಗೆ ಅಷ್ಟು ಹುಚ್ಚಿಲ್ಲ. ಫ್ರಾನ್ಸಿನ ಓಪಿನೆಲ್ ಬೇರೆ ವಿಷಯ. 1890ರಿಂದ ಬರುತ್ತಿರುವ ಈ ಚಾಕುವಿಗೆ ಬೆನ್ನಿನ ಸ್ಪ್ರಿಂಗೇ ಇಲ್ಲ. ಸೀಳಿದ ಮರದ ಹಿಡಿಯ ಬಿಗಿಯಲ್ಲೇ ಅಲಗು ನಿಲ್ಲಬೇಕು. ಅಲಗನ್ನು ಭದ್ರ ಮಾಡುವ ತಿರುಗುವ ಉಂಗುರ ಬಂದದ್ದು 1955ರಲ್ಲಿ, ಅದೂ ದೊಡ್ಡ ಸೈಜುಗಳಿಗೆ ಮಾತ್ರ. ಹೀಗಾಗಿ ಉಂಗುರ ಇಲ್ಲ ಅಂದ ತಕ್ಷಣ ಮುರಿದದ್ದು ಅಂದುಕೊಳ್ಳಬೇಡಿ. ಚಾಚಾ ಹಾಗೇ ಅಂದುಕೊಂಡು ನನಗೆ ಒಂದನ್ನು ಚಹಾ ಕಾಸಿಗೆ ಕೊಟ್ಟರು. ಕಿರೀಟ ತೊಟ್ಟ ಕೈಯ ಗುರುತು ಅಲಗಿನ ಮೇಲೆ ಸ್ಪಷ್ಟವಾಗಿದೆ. ತೇವಕ್ಕೆ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುತ್ತದೆ ಅಂತ ಬೇರೆ ಊರಿನವರು ಗೊಣಗುತ್ತಾರೆ. ಬಳ್ಳಾರಿ ಬಿಸಿಲಿನಲ್ಲಿ ಆ ಚಿಂತೆ ಇಲ್ಲ.

ಈಗ ಜಗಳದ ವಿಷಯ. ಚಾಚಾಗೆ ತುಕ್ಕು ಕಂಡರೆ ಆಗಲ್ಲ. ಬಂದ ಚಾಕುವನ್ನೆಲ್ಲ ಸಾಣೆ ಯಂತ್ರಕ್ಕೆ ಹಿಡಿದು ಪಾತ್ರೆ ಬೆಳಗಿದ ಹಾಗೆ ಬೆಳಗಿಬಿಡುತ್ತಾರೆ. ಬುಡದ ಮುದ್ರೆ ಮಾಯ, ಅಲಗು ಅರ್ಧ, ಉಗುರು ಸಿಕ್ಕಿಸಿ ತೆರೆಯುವ ಗೆರೆಯೂ ಸವೆದಿರುತ್ತದೆ. ಹಾಗೆ ಹಾಳಾದ ಒಂದು ಚೆಂದದ ಮೂರು ಅಲಗಿನ ಚಾಕು ನೋಡಿ ಹೊಟ್ಟೆ ಉರಿಯಿತು. ಯಾಕೆ ಚಾಚಾ ಅಂದರೆ, "ಹೊಳೀಬೇಕಲ್ರೀ, ಇಲ್ಲಾಂದ್ರ ಯಾರ್ ತಗಂತಾರ?" ಅಂದರು. ಅವರ ವ್ಯಾಪಾರ ಅವರಿಗೆ. ತುಕ್ಕಿಗೆ ಒಂದೆರಡು ಹನಿ ಹೊಲಿಗೆ ಮಿಷನ್ ಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಹೋದ ಕೂಡಲೇ "ಸಾಣೆ ಹಿಡೀದೇ ಇರೋವು ತೋರಿಸಿ" ಅನ್ನಿ. ಗಲ್ಲೆ ಕೆಳಗೆ ಇನ್ನೊಂದು ಡಬ್ಬಿ ಇದೆ.

ಬಟನ್ ಒತ್ತಿದರೆ ಹಾರಿ ತೆರೆಯುವ ರಾಂಪುರಿ ಕೇಳಬೇಡಿ, ಇಡಲ್ಲ. ಚೌಕಾಸಿ ಮಾಡಬಹುದು, ಸಾಲ ಇಲ್ಲ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಮೂರರ ಮೇಲೆ ಹೋಗಿ.