ಡಿಫೆನ್ಸ್ ಮೆಕ್ಯಾನಿಸಂ ಬಗ್ಗೆ ಆರು ವಾರದ ಆನ್‌ಲೈನ್ ಕೋರ್ಸ್: ಡೈರಿಗಾಗಿ ಮಾಡಿ, ಕ್ವಿಜ್ ಬಿಟ್ಬಿಡಿ

ಮೊನ್ನೆ ತಾನೆ ಮುಗೀತು ಈ ಕೋರ್ಸು. ಡಿಫೆನ್ಸ್ ಮೆಕ್ಯಾನಿಸಂ ಅಂದ್ರೆ ನೋವು, ಹೆದರಿಕೆಯಿಂದ ತಪ್ಪಿಸ್ಕೊಳ್ಳೋಕೆ ಮನಸ್ಸು, ಹೆಚ್ಚಾಗಿ ನಮಗೇ ಗೊತ್ತಾಗದ ಹಾಗೆ, ಹೂಡೋ ಉಪಾಯಗಳು. ವಾರಕ್ಕೊಂದು ವಿಡಿಯೋ, ದಿನಾ ರಾತ್ರಿ ಹತ್ತು ನಿಮಿಷ ಡೈರಿ, ಅಷ್ಟೇ. ವಿಡಿಯೋಗಳೂ ಚೆನ್ನಾಗಿವೆ, ಆದ್ರೆ ನನಗೆ ನಾಟಿದ್ದು ಡೈರಿ.

ಅದ್ರಲ್ಲಿ ಎರಡೇ ಪ್ರಶ್ನೆ. ಇವತ್ತು ಯಾವ ವಿಷಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ರೇಗಿದ್ರಿ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಎರಡನೇ ವಾರ ಒಂದಿನ ಮಗಳು ಪೆನ್ಸಿಲ್ ಹೆರೆದ ಸಿಪ್ಪೆ ನೆಲದ ಮೇಲೆ ಬಿಟ್ಟಿದ್ಲು ಅಂತ ಸಿಕ್ಕಾಪಟ್ಟೆ ಕೂಗಾಡ್ಬಿಟ್ಟೆ, ಅವಳು ಏನೂ ಮಾತಾಡ್ದೆ ಒಂದೊಂದೇ ಸಿಪ್ಪೆ ಆರಿಸಿ ಅಂಗೈಲಿ ಇಟ್ಕೊಂಡು ನಿಂತ್ಲು. ರಾತ್ರಿ ಬರೆಯೋಕೆ ಕೂತಾಗ ನೆನಪಾಯ್ತು, ಆವತ್ತು ಸಂಜೆ ಅಮ್ಮನ ಸ್ಕ್ಯಾನಿಂಗ್ ರಿಪೋರ್ಟ್ ಫೋನಿಗೆ ಬಂದಿತ್ತು, ನಾನು ತೆಗೆದೇ ನೋಡಿರ್ಲಿಲ್ಲ, ಹೇಗೂ ಡಾಕ್ಟ್ರು ನೋಡ್ತಾರಲ್ಲ ನಮಗೇನು ಅರ್ಥ ಆಗುತ್ತೆ ಅಂದ್ಕೊಂಡು ಫೋನ್ ಆಚೆ ಇಟ್ಟಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ ಡಿಸ್‌ಪ್ಲೇಸ್‌ಮೆಂಟ್, ಆದ್ರೆ ನನ್ನೊಳಗಿದ್ದದ್ದು ಹೆದರಿಕೆ, ಅದು ಕೋಪದ ವೇಷ ಹಾಕ್ಕೊಂಡು ಮಗು ಮೇಲೆ ಬಿತ್ತು. ಡಾಕ್ಟ್ರು ನೋಡ್ತಾರೆ ಅಂದಿದ್ದು ರ್ಯಾಷನಲೈಸೇಷನ್, ಮನಸ್ಸು ಮೊದ್ಲೇ ತೀರ್ಮಾನ ಮಾಡಿ ಆಮೇಲೆ ಅದಕ್ಕೊಪ್ಪೋ ಕಾರಣ ಹುಡುಕ್ಕೊಳ್ಳುತ್ತೆ. ಮಾರನೇ ದಿನ ಬೆಳಗ್ಗೆ ಮೊದ್ಲು ಮಗಳ ಹತ್ರ ಸಾರಿ ಕೇಳ್ದೆ, ಆಮೇಲೆ ರಿಪೋರ್ಟ್ ತೆಗೆದೆ.

ಥಿಯರಿ ಕಮ್ಮಿ ಇದೆ, ಇರೋದು ಸರಿಯಾಗಿದೆ. ಸಿಗ್ಮಂಡ್ ಫ್ರಾಯ್ಡ್ 1894ರಲ್ಲಿ ಶುರು ಮಾಡಿದ ವಿಚಾರ, ಅವರ ಮಗಳು ಅನ್ನಾ ಫ್ರಾಯ್ಡ್ 1936ರಲ್ಲಿ ಒಂದೊಂದನ್ನೂ ಬಿಡಿಸಿಟ್ಟಿದ್ದು, ಆಮೇಲೆ ಅಮೆರಿಕದ ಮನೋವೈದ್ಯ ಜಾರ್ಜ್ ವೇಲಂಟ್ ಇವನ್ನ ಎಷ್ಟು ಪಕ್ವ ಅಂತ ನೋಡಿ ನಾಲ್ಕು ಮಟ್ಟ ಮಾಡಿ ಜೋಡಿಸಿದ್ದು. ಅದ್ರಲ್ಲಿ ಎಲ್ಲಕ್ಕಿಂತ ಪಕ್ವವಾದ ಮಟ್ಟದಲ್ಲಿ ಸಪ್ರೆಷನ್ ಇದೆ ಅಂತ ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ! ನೋವಿನ ವಿಷಯ ನಮಗೇ ಗೊತ್ತಾಗದ ಹಾಗೆ ಒಳಗೆ ಹೂತು ಹೋಗೋದು ರಿಪ್ರೆಷನ್, ಈಗ ಬೇಡ ಸಂಜೆ ಯೋಚ್ನೆ ಮಾಡೋಣ ಅಂತ ಗೊತ್ತಿದ್ದೇ ಪಕ್ಕಕ್ಕಿಡೋದು ಸಪ್ರೆಷನ್. ಇಷ್ಟು ವರ್ಷ ಎರಡನ್ನೂ ಹೇಡಿತನ ಅಂತಾನೇ ತಿಳ್ಕೊಂಡಿದ್ದೆ. ಪಾಠ ಮಾಡೋ ಮೇಡಂ ಇನ್ನೊಂದು ಮಾತು ಹೇಳ್ತಾರೆ, ಕೆಟ್ಟ ಸುದ್ದಿ ಕೇಳಿದ ಹೊಸತರಲ್ಲಿ ಯಾರಾದ್ರೂ "ಇಲ್ಲ, ಹಾಗಾಗಿರೋಲ್ಲ" ಅಂದ್ರೆ ತಕ್ಷಣ ತಿದ್ದೋಕೆ ಹೋಗ್ಬೇಡಿ, ಆ ನಿರಾಕರಣೆ ಅವರನ್ನ ಸ್ವಲ್ಪ ದಿನ ಹಿಡಿದು ನಿಲ್ಲಿಸಿರುತ್ತೆ ಅಂತ. ಬಹಳ ಒಳ್ಳೆ ಮಾತು.

ಬೇಜಾರಾಗಿದ್ದು ಕೊನೆ ವಾರದ ಕ್ವಿಜ್. ಹತ್ತು ಪ್ರಶ್ನೆ ಟಿಕ್ ಮಾಡಿದ್ರೆ "ನಿಮ್ಮ ಮುಖ್ಯ ಡಿಫೆನ್ಸ್ ಪ್ರೊಜೆಕ್ಷನ್" ಅಂತ, ಅಂದ್ರೆ ನಮ್ಮೊಳಗಿನ ಭಾವನೆಯನ್ನ ಬೇರೆಯವರ ಮೇಲೆ ಹೊರಿಸೋದು ಅಂತ, ಹಣೆಪಟ್ಟಿ ಬರುತ್ತೆ. ತನ್ನ ಅರಿವಿಗೇ ಬರದೆ ನಡೆಯೋದನ್ನ ಹತ್ತು ಪ್ರಶ್ನೆಗೆ ಯಾರು ತಾನೆ ಸರಿಯಾಗಿ ಉತ್ತರ ಹೇಳೋಕಾಗುತ್ತೆ? ಅದೂ ಅಲ್ದೆ ಕ್ವಿಜ್ ಆದ್ಮೇಲೆ ಗ್ರೂಪಲ್ಲಿ ಒಬ್ರಿಗೊಬ್ರು "ನೀವು ಪ್ರೊಜೆಕ್ಟ್ ಮಾಡ್ತಿದೀರಾ" ಅಂತ ಚುಚ್ಚೋಕೆ ಶುರು ಮಾಡಿದ್ರು, ಐದು ವಾರ ಕಲಿತಿದ್ದೆಲ್ಲ ನೀರಲ್ಲಿ ಹೋಮ. ಇನ್ನೊಂದು ಕೊರತೆ, ಡೈರಿ ಬರೀತಾ ಹಳೇ ಗಾಯ ಏನಾದ್ರೂ ಕೆದಕಿಬಂದ್ರೆ ಕೌನ್ಸೆಲರ್ ಹತ್ರ ಹೋಗಿ ಅಂತ ಎಲ್ಲೂ ಹೇಳಿಲ್ಲ, ಅದನ್ನ ಮೊದಲನೇ ವಿಡಿಯೋದಲ್ಲೇ ಹೇಳ್ಬೇಕಿತ್ತು. ಫೀಡ್‌ಬ್ಯಾಕಲ್ಲಿ ಎರಡೂ ಬರೆದು ಕಳಿಸಿದೀನಿ. ಐದಕ್ಕೆ ನಾಲ್ಕು ಸ್ಟಾರ್, ಡೈರಿ ನಾನಿನ್ನೂ ಬರೀತಿದೀನಿ.